ಮನೆಯೊಳಗಿನ ನಾಯಿಗೆ ಬುದ್ಧಿಯ ಕಸರತ್ತು

ಕೈ ಕೊಡುವುದು, ಗಿರಕಿ ಹೊಡೆಯುವುದು, ಹೇಳಿದ ಆಟಿಕೆಯನ್ನು ಹೆಕ್ಕಿ ತರುವುದು, ಬಚ್ಚಿಟ್ಟ ತಿಂಡಿಯನ್ನು ಹುಡುಕುವುದು ಮುಂತಾದ ಕಸರತ್ತುಗಳನ್ನು ಸಾಕುನಾಯಿಗೆ ಮನೆಯೊಳಗೇ ಕಲಿಸಬಹುದು. ಜಡಿಮಳೆ, ಪಾದ ಸುಡುವ ಬೇಸಿಗೆಯ ಡಾಂಬರು, ದೀಪಾವಳಿಯ ಪಟಾಕಿ, ಆಪರೇಷನ್ ನಂತರದ ವಿಶ್ರಾಂತಿ ಹೀಗೆ ನಾಯಿಯನ್ನು ಹೊರಗೆ ಕರೆದೊಯ್ಯಲಾಗದ ದಿನಗಳು ಎಲ್ಲ ಮನೆಗಳಲ್ಲೂ ಬರುತ್ತವೆ. ಅಂಥ ದಿನ ಕೆಲವೇ ನಿಮಿಷಗಳ ಪಾಠವೂ ಅದರ ಮನಸ್ಸಿಗೆ ಕೆಲಸ ಕೊಡುತ್ತದೆ. ನಾಯಿಗೆ ಎಷ್ಟು ಕಸರತ್ತು ಬರುತ್ತದೆ ಎಂಬುದಕ್ಕಿಂತ ಅವನ್ನು ಹೇಗೆ ಕಲಿಸಲಾಯಿತು ಎಂಬುದು ಇಲ್ಲಿ ಮುಖ್ಯ. ತಾನೇ ತಲೆ ಓಡಿಸಿ ದಾರಿ ಕಂಡುಕೊಂಡಷ್ಟೂ ನಾಯಿಗೆ ಲಾಭ ಹೆಚ್ಚು.

ಕೆಲಸವಿಲ್ಲದ ನಾಯಿ

ನಾವು ಸಾಕುವ ಎಷ್ಟೋ ತಳಿಗಳು ಒಂದಲ್ಲ ಒಂದು ದುಡಿಮೆಗಾಗಿ ರೂಪುಗೊಂಡವು. ಬಾರ್ಡರ್ ಕೋಲಿಯದು ಕುರಿಮಂದೆ ತಿರುಗಿಸುವ ಕೆಲಸ, ಲ್ಯಾಬ್ರಡಾರ್ ರಿಟ್ರೀವರ್‌ನದು ಬೇಟೆಗಾರ ಹೊಡೆದ ಹಕ್ಕಿಯನ್ನು ಕಚ್ಚಿ ತರುವ ಕೆಲಸ. ಬೀಗಲ್ ವಾಸನೆ ಹಿಡಿದು ಮೊಲದ ಬೆನ್ನು ಹತ್ತಿದರೆ, ನಮ್ಮ ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ದೂರದ ಬೇಟೆಯನ್ನು ಕಣ್ಣಿನಿಂದಲೇ ಗುರುತಿಸಿ ಬೆನ್ನಟ್ಟುತ್ತದೆ. ಬೀದಿಯಲ್ಲಿ ಬೆಳೆದ ದೇಸಿ ನಾಯಿಗೆ ತುತ್ತು ಹುಡುಕುವುದೇ ದಿನದ ದೊಡ್ಡ ಕೆಲಸ. ಫ್ಲ್ಯಾಟಿನಲ್ಲಾದರೆ ಊಟ ಹೊತ್ತಿಗೆ ಸರಿಯಾಗಿ ಬಟ್ಟಲಿಗೇ ಬಂದು ಬೀಳುತ್ತದೆ, ಉಳಿದ ಹೊತ್ತೆಲ್ಲ ಖಾಲಿ. ಚಪ್ಪಲಿ ಕಡಿಯುವುದು, ಸೋಫಾ ಕೆರೆಯುವುದು, ಲಿಫ್ಟಿನ ಸದ್ದಿಗೂ ಬೊಗಳುವುದು, ಮನೆಯವರ ಕಾಲಿಗೆ ಅಡ್ಡ ಬರುತ್ತ ಸುಳಿದಾಡುವುದು ಎಷ್ಟೋ ಸಲ ಈ ಬೇಸರದ ಕುರುಹುಗಳು.

ಆದರೆ ಎಲ್ಲವನ್ನೂ ಬೇಸರದ ಲೆಕ್ಕಕ್ಕೆ ಹಾಕುವಂತಿಲ್ಲ. ಇದ್ದಕ್ಕಿದ್ದಂತೆ ನಡವಳಿಕೆ ಬದಲಾದರೆ, ಪಾದವನ್ನು ಬಿಡದೆ ನೆಕ್ಕುತ್ತಿದ್ದರೆ, ಒಂಟಿಯಾಗಿ ಬಿಟ್ಟಾಗ ಮಾತ್ರ ಗಾಬರಿಯಾಗುತ್ತಿದ್ದರೆ ಮೊದಲು ಪಶುವೈದ್ಯರಿಗೆ ತೋರಿಸಬೇಕು. ನೋವು, ಚರ್ಮದ ಅಲರ್ಜಿ, ಒಂಟಿತನದ ಭಯ ಆಟದಿಂದ ವಾಸಿಯಾಗುವಂಥವಲ್ಲ.

ಸಂಶೋಧನೆಗಳು ಕಂಡದ್ದು

ಸಮಸ್ಯೆ ಬಿಡಿಸುವುದರಲ್ಲೇ ನಾಯಿಗೆ ಖುಷಿ ಇದೆಯೇ ಎಂದು ಸ್ವೀಡನ್ನಿನಲ್ಲಿ ಬೀಗಲ್ ನಾಯಿಗಳ ಮೇಲೆ ನಡೆದ ಅಧ್ಯಯನವೊಂದು 2014ರಲ್ಲಿ ಪ್ರಕಟವಾಯಿತು. ನಾಯಿಗಳನ್ನು ಜೋಡಿ ಮಾಡಿ, ಒಂದಕ್ಕೆ ಸಲಕರಣೆಯೊಂದನ್ನು ಸರಿಯಾಗಿ ಬಳಸಿದಾಗ ಮಾತ್ರ ಬಹುಮಾನ ಸಿಗುವಂತೆ ಏರ್ಪಡಿಸಿದ್ದರು. ಇನ್ನೊಂದಕ್ಕೂ ಅದೇ ಬಹುಮಾನ ಅಷ್ಟೇ ಹೊತ್ತಿಗೆ ಸಿಗುತ್ತಿತ್ತು, ಆದರೆ ಅದು ಏನು ಮಾಡಿದರೂ ಫಲ ಬದಲಾಗುತ್ತಿರಲಿಲ್ಲ. ತಾನೇ ಗಳಿಸಿದ ನಾಯಿ ಬಾಲವಾಡಿಸುತ್ತ ಹುರುಪಿನಿಂದ ಮತ್ತೆ ಪರೀಕ್ಷೆಗೆ ಬಂತು, ಪುಕ್ಕಟೆ ಪಡೆದದ್ದರಲ್ಲಿ ಆ ಉತ್ಸಾಹ ಕಾಣಲಿಲ್ಲ. ಬಹುಮಾನ ಎರಡಕ್ಕೂ ಒಂದೇ ಇದ್ದದ್ದರಿಂದ, ವ್ಯತ್ಯಾಸ ತಂದದ್ದು ತನ್ನ ಯತ್ನಕ್ಕೆ ಫಲವಿದೆ ಎಂಬ ಅನುಭವ.

2019ರಲ್ಲಿ ಶಾರ್ಲೊಟ್ ಡ್ಯುರಾಂಟನ್ ಮತ್ತು ಅಲೆಕ್ಸಾಂಡ್ರಾ ಹೊರೊವಿಟ್ಜ್ ಪ್ರಕಟಿಸಿದ ಅಧ್ಯಯನದಲ್ಲಿ ಕೆಲವು ನಾಯಿಗಳು ಎರಡು ವಾರ ವಾಸನೆ ಹಿಡಿದು ಹುಡುಕುವ ಆಟ ಆಡಿದವು, ಉಳಿದವು ಯಜಮಾನರ ಪಕ್ಕದಲ್ಲೇ ಹೆಜ್ಜೆ ಹಾಕುವ ಅಭ್ಯಾಸ ಮಾಡಿದವು. ಆಮೇಲೆ, ತಿಂಡಿ ಇದೆಯೋ ಇಲ್ಲವೋ ಗೊತ್ತಾಗದಂಥ ಜಾಗದಲ್ಲಿ ಬಟ್ಟಲಿಟ್ಟು ನೋಡಿದಾಗ, ವಾಸನೆಯ ಆಟವಾಡಿದವು ಮೊದಲಿಗಿಂತ ಬೇಗ ಅದರತ್ತ ಹೋದವು. ಒಳ್ಳೆಯದೇ ಸಿಗುತ್ತದೆಂಬ ನಿರೀಕ್ಷೆಯ ಗುರುತು ಇದು ಎಂದು ಸಂಶೋಧಕರು ಅರ್ಥೈಸಿದರು.

ಕಲಿಸುವವರಿಗೆ ತಾಳ್ಮೆಯಿದ್ದರೆ ಕಲಿಕೆ ಎಲ್ಲಿಯವರೆಗೆ ಹೋಗಬಲ್ಲದು ಎಂಬುದಕ್ಕೆ ಅಮೆರಿಕದ ಬಾರ್ಡರ್ ಕೋಲಿ ಚೇಸರ್ ಸಾಕ್ಷಿ. ಮನಶ್ಶಾಸ್ತ್ರಜ್ಞ ಜಾನ್ ಪಿಲ್ಲಿ ಕಲಿಸಿದ 1,022 ಆಟಿಕೆಗಳ ಹೆಸರುಗಳನ್ನು ಅದು ಗುರುತಿಸುತ್ತಿತ್ತು. ಇದರ ಕುರಿತ ಅಧ್ಯಯನ 2011ರಲ್ಲಿ ಪ್ರಕಟವಾಯಿತು.

ಕಲಿಸುವ ವಿಧಾನ ಬೆಳೆದು ಬಂದ ಬಗೆ

ಫಲ ಸಿಕ್ಕ ನಡೆಯನ್ನು ಪ್ರಾಣಿ ಮತ್ತೆ ಮತ್ತೆ ಮಾಡುತ್ತದೆ ಎಂಬುದನ್ನು 1898ರಲ್ಲಿ ಎಡ್ವರ್ಡ್ ಥಾರ್ನ್‌ಡೈಕ್ ತಮ್ಮ ಒಗಟಿನ ಪೆಟ್ಟಿಗೆಗಳ ಪ್ರಯೋಗದಲ್ಲಿ ತೋರಿಸಿದರು. ಬಿ.ಎಫ್. ಸ್ಕಿನ್ನರ್ ಆ ತತ್ವವನ್ನು ವಿಸ್ತರಿಸಿ, ಮನೆಯಲ್ಲೇ ಪ್ರಾಣಿಗಳಿಗೆ ಕಲಿಸುವುದು ಹೇಗೆಂದು 1951ರಲ್ಲಿ ಜನಪ್ರಿಯ ಲೇಖನವೊಂದನ್ನು ಬರೆದರು. ಒತ್ತಿದರೆ ಟಿಕ್ ಎನ್ನುವ ಮಕ್ಕಳ ಆಟಿಕೆಯನ್ನು ಸಂಕೇತವಾಗಿ ಬಳಸಬಹುದೆಂಬ ಸೂಚನೆ ಅದರಲ್ಲಿತ್ತು. ಡಾಲ್ಫಿನ್‌ಗಳಿಗೆ ತರಬೇತಿ ಕೊಡುತ್ತಿದ್ದ ಕ್ಯಾರನ್ ಪ್ರಯರ್ 1984ರ ತಮ್ಮ ಪುಸ್ತಕದ ಮೂಲಕ ಹೊಡೆತ, ಗದರಿಕೆಗಳಿಲ್ಲದ ಈ ಕ್ರಮವನ್ನು ಸಾಮಾನ್ಯ ಓದುಗರಿಗೆ ತಲುಪಿಸಿದರು. 1990ರ ದಶಕದಲ್ಲಿ ಅಂಥದೇ ಟಿಕ್ ಸದ್ದಿನ ‘ಕ್ಲಿಕ್ಕರ್’ ಎಂಬ ಸಾಧನ ನಾಯಿ ಸಾಕುವವರ ಕೈಗೆ ಬಂತು.

ಸ್ಕಿನ್ನರ್‌ರ ಶಿಷ್ಯರಾದ ಕೆಲ್ಲರ್ ಮತ್ತು ಮರಿಯನ್ ಬ್ರೆಲೆಂಡ್ ದಂಪತಿ 1961ರಲ್ಲಿ ಒಂದು ಎಚ್ಚರಿಕೆಯನ್ನೂ ದಾಖಲಿಸಿದರು. ನಾಣ್ಯವನ್ನು ಡಬ್ಬಿಗೆ ಹಾಕಲು ಕಲಿತ ಹಂದಿ ಕ್ರಮೇಣ ಅದನ್ನು ನೆಲಕ್ಕೆ ಹಾಕಿ ಮೂತಿಯಿಂದ ಗೋರತೊಡಗುತ್ತಿತ್ತು. ಹುಟ್ಟುಗುಣ ಪಾಠವನ್ನು ತನ್ನತ್ತ ಎಳೆದುಕೊಳ್ಳುತ್ತದೆ. ಹಾಗಾಗಿ ಲ್ಯಾಬ್ರಡಾರ್‌ಗೆ ಎತ್ತಿ ತರುವ ಕೆಲಸ, ಬೀಗಲ್‌ಗೆ ಮೂಗಿನ ಕೆಲಸ, ಮುಧೋಳಕ್ಕೆ ಚಲಿಸುವ ವಸ್ತುವಿನ ಆಟ ಕೊಟ್ಟರೆ ಅರ್ಧ ದಾರಿ ಸವೆದಂತೆ.

ಪಾಠದ ವ್ಯಾಕರಣ

ಮೊದಲು ಒಂದು ಗುರುತಿನ ಸದ್ದು ಬೇಕು. ಕ್ಲಿಕ್ಕರ್ ಇರಲೇಬೇಕೆಂದಿಲ್ಲ, ‘ಭೇಷ್’ ಎಂಬ ಚುಟುಕು ಮಾತೂ ಸಾಕು. ‘ಭೇಷ್’ ಎಂದ ತಕ್ಷಣ ಒಂದು ತುಣುಕು ತಿಂಡಿ ಕೊಡುವುದನ್ನು ಹತ್ತಾರು ಸಲ ಮಾಡಿದರೆ, ಆ ಸದ್ದಿನ ಬೆನ್ನಿಗೆ ತಿಂಡಿ ಬರುತ್ತದೆಂದು ನಾಯಿಗೆ ಗೊತ್ತಾಗುತ್ತದೆ. ಮುಂದೆ ಸರಿಯಾದ ನಡೆ ಕಂಡ ಆ ಕ್ಷಣದಲ್ಲೇ ಸದ್ದು ಬರಬೇಕು. ತಡವಾದರೆ ನಾಯಿ ಆಮೇಲೆ ಮಾಡಿದ್ದಕ್ಕೆ ಬಹುಮಾನ ಸಿಕ್ಕಿತೆಂದು ತಿಳಿಯುತ್ತದೆ.

ನಡೆಯನ್ನು ಹೊರತರಲು ಮೂರು ದಾರಿಗಳಿವೆ. ಮೂಗಿನ ಮುಂದೆ ತಿಂಡಿ ಹಿಡಿದು ಬೇಕಾದತ್ತ ಸೆಳೆಯುವುದು ಸುಲಭದ್ದು. ನಾಯಿ ತಾನಾಗಿಯೇ ಮೈಮುರಿದಾಗಲೋ ತಲೆ ಓರೆ ಮಾಡಿದಾಗಲೋ ‘ಭೇಷ್’ ಎಂದು ಹಿಡಿದಿಡುವುದು ಎರಡನೆಯದು. ಗುರಿಯತ್ತ ಇಟ್ಟ ಒಂದೊಂದು ಚಿಕ್ಕ ಹೆಜ್ಜೆಗೂ ಬಹುಮಾನ ಕೊಡುತ್ತ ಪೂರ್ತಿ ಕಸರತ್ತಿಗೆ ಒಯ್ಯುವುದು ಮೂರನೆಯದು. ನಾಯಿಯ ತಲೆಗೆ ಹೆಚ್ಚು ಕೆಲಸ ಕೊಡುವುದು ಈ ಕೊನೆಯ ದಾರಿ. ಆಜ್ಞೆಯ ಮಾತನ್ನು, ನಡೆ ಸಲೀಸಾದ ಮೇಲಷ್ಟೇ ಸೇರಿಸಬೇಕು. ಅದು ‘ಕೂತ್ಕೊ’ ಆಗಲಿ ‘ಸಿಟ್’ ಆಗಲಿ, ಮನೆಯವರೆಲ್ಲರ ಬಾಯಲ್ಲೂ ಒಂದೇ ಇರಬೇಕು.

ಮೊದಲಿಗೆ ನಾಲ್ಕು ಕಸರತ್ತು

ಅಂಗೈಗೆ ಮೂಗು: ನಾಯಿಯ ಮೂತಿಯಿಂದ ಒಂದು ಗೇಣು ದೂರದಲ್ಲಿ ಅಂಗೈ ಚಾಚಿ. ಮೂಸಲು ಬಂದು ಮುಟ್ಟಿದೊಡನೆ ಸದ್ದು, ತಿಂಡಿ. ಬೀದಿಯಿಂದ ತಂದ ಅಂಜುಬುರುಕ ನಾಯಿಗೂ ಇದು ಒಳ್ಳೆಯ ಆರಂಭ, ಏಕೆಂದರೆ ಹತ್ತಿರ ಬರುವ ನಿರ್ಧಾರ ಅದರದ್ದೇ.

ಕೈ ಕೊಡು: ಮುಷ್ಟಿಯಲ್ಲಿ ತಿಂಡಿ ಹಿಡಿದು ನೆಲದ ಹತ್ತಿರ ಇಡಿ. ನಾಯಿ ಮೂಸುತ್ತದೆ, ನೆಕ್ಕುತ್ತದೆ, ಕೊನೆಗೆ ಮುಂಗಾಲಿನಿಂದ ಕೆರೆಯುತ್ತದೆ. ಕಾಲು ತಾಗಿದಾಗ ‘ಭೇಷ್’. ಅದರ ಕಾಲನ್ನು ನೀವೇ ಎತ್ತಿ ಹಿಡಿದರೆ ಯೋಚಿಸುವ ಅವಕಾಶವನ್ನೇ ಕಿತ್ತುಕೊಂಡಂತಾಗುತ್ತದೆ.

ಗಿರಕಿ: ತಿಂಡಿಯನ್ನು ಮೂಗಿನ ಮಟ್ಟದಲ್ಲಿ ದೊಡ್ಡ ವೃತ್ತದಲ್ಲಿ ಸುತ್ತಿಸಿ. ಮೊದಲು ಕಾಲು ಸುತ್ತಿಗೆ, ಆಮೇಲೆ ಅರ್ಧಕ್ಕೆ, ಕೊನೆಗೆ ಪೂರ್ತಿ ಸುತ್ತಿಗೆ ಬಹುಮಾನ. ಎರಡೂ ದಿಕ್ಕಿಗೆ ಕಲಿಸಿದರೆ ಮೈಯ ಎರಡೂ ಬದಿಗೆ ವ್ಯಾಯಾಮ.

ಆಟಿಕೆ ಬುಟ್ಟಿಗೆ: ಬಾಯಲ್ಲಿ ಚೆಂಡು ಹಿಡಿದ ನಾಯಿಯ ಗಲ್ಲದ ಕೆಳಗೆ ಬುಟ್ಟಿ ಹಿಡಿದು ತಿಂಡಿ ತೋರಿಸಿ. ಚೆಂಡು ಬುಟ್ಟಿಗೆ ಬೀಳುತ್ತದೆ. ಬುಟ್ಟಿಯನ್ನು ಸ್ವಲ್ಪ ಸ್ವಲ್ಪವೇ ದೂರ ಸರಿಸುತ್ತ ಹೋದಂತೆ, ಚೆಂಡನ್ನು ಎಲ್ಲಿ ಬಿಡಬೇಕೆಂಬುದನ್ನು ನಾಯಿ ತಾನೇ ಲೆಕ್ಕ ಹಾಕಬೇಕಾಗುತ್ತದೆ.

ಮೂಗಿನ ಆಟಗಳು

ವಾಸನೆಯೇ ನಾಯಿಯ ಮುಖ್ಯ ಇಂದ್ರಿಯ, ಅದಕ್ಕೆ ಕೆಲಸ ಕೊಡಲು ಅಡುಗೆಮನೆಯ ಸಾಮಾನೇ ಸಾಕು. ಹಳೆಯ ಇಡ್ಲಿ ತಟ್ಟೆಯ ಕುಳಿಗಳಲ್ಲಿ ಒಂದೊಂದು ತುಣುಕು ಇಟ್ಟು, ಮೇಲೆ ಟೆನಿಸ್ ಚೆಂಡು ಮುಚ್ಚಿ. ಹಳೆಯ ಟವೆಲ್ಲಿನ ಮೇಲೆ ಆಹಾರ ಹರಡಿ ಸುರುಳಿ ಸುತ್ತಿದರೆ ಬಿಚ್ಚಿ ತಿನ್ನುವುದೇ ಆಟ. ಮೂರು ಲೋಟ ಬೋರಲು ಹಾಕಿ ಒಂದರಡಿ ತಿಂಡಿ ಇಟ್ಟು ಜಾಗ ಬದಲಿಸಿ, ಸರಿಯಾದದ್ದನ್ನು ಮೂಗು ತಾಗಿಸಿ ಹೇಳಲಿ. ಇನ್ನೂ ಮುಂದುವರಿದವರು ನಾಯಿಯನ್ನು ಪಕ್ಕದ ಕೋಣೆಯಲ್ಲಿ ಕಾಯಿಸಿ, ಬಾಗಿಲ ಹಿಂದೆ, ದಿಂಬಿನಡಿ, ಕುರ್ಚಿಯ ಕಾಲಿನ ಬಳಿ ಬಚ್ಚಿಟ್ಟು ‘ಹುಡುಕು’ ಎನ್ನಬಹುದು. ಎಲ್ಲಿದೆಯೆಂದು ಬೆರಳು ತೋರಿಸಬಾರದು. ನಾಯಿ ನಮ್ಮ ಸನ್ನೆಯನ್ನು ಎಷ್ಟು ಚೆನ್ನಾಗಿ ಓದುತ್ತದೆಂದರೆ, ಸುಳಿವು ಸಿಕ್ಕರೆ ಮೂಗಿಗೆ ರಜೆ.

ಎಷ್ಟು ಹೊತ್ತು, ಯಾವ ತಿಂಡಿ

ಒಮ್ಮೆಗೆ ಮೂರರಿಂದ ಐದು ನಿಮಿಷ ಸಾಕು, ನಾಯಿಗೆ ಇನ್ನೂ ಬೇಕೆನಿಸುತ್ತಿರುವಾಗಲೇ ನಿಲ್ಲಿಸಬೇಕು. ಡೆನ್ಮಾರ್ಕಿನ ಸಂಶೋಧಕರು 2011ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಾರಕ್ಕೆ ಒಂದೆರಡು ಸಲ ಪಾಠ ಪಡೆದ ಬೀಗಲ್‌ಗಳು ಪ್ರತಿದಿನ ಪಡೆದವುಗಳಿಗಿಂತ ಕಡಿಮೆ ಪಾಠಗಳಲ್ಲಿ ಕಲಿತವು. ಒಂದೇ ಕಸರತ್ತನ್ನು ದಿನಾ ಉರುಹೊಡೆಸುವ ಬದಲು ಎರಡು ಮೂರನ್ನು ಸರದಿಯಲ್ಲಿ ಆಡಿಸುವುದು ಜಾಣತನ.

ತಿಂಡಿ ಕಡಲೆಕಾಳಿನಷ್ಟಿರಲಿ. ಬೇಯಿಸಿದ ಕೋಳಿ ಅಥವಾ ಮೊಟ್ಟೆ, ಕ್ಯಾರೆಟ್, ಸೌತೆಕಾಯಿ ಆಗಬಹುದು, ಊಟದ ಪಾಲನ್ನೇ ಇದಕ್ಕೆ ಬಳಸಿದರೆ ಇನ್ನೂ ಒಳ್ಳೆಯದು. ಬಹುಮಾನದ ತಿಂಡಿ ದಿನದ ಒಟ್ಟು ಕ್ಯಾಲೊರಿಯಲ್ಲಿ ಶೇ 10 ಮೀರಬಾರದು ಎಂಬುದು ಪಶುವೈದ್ಯರ ಸಾಮಾನ್ಯ ಸಲಹೆ. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ, ಬೆಳ್ಳುಳ್ಳಿ, ಸಕ್ಕರೆರಹಿತ ಚ್ಯೂಯಿಂಗ್ ಗಮ್‌ನಲ್ಲಿರುವ ಜೈಲಿಟಾಲ್ ನಾಯಿಗೆ ವಿಷ.

ಎಚ್ಚರ ವಹಿಸಬೇಕಾದಲ್ಲಿ

ಗ್ರಾನೈಟ್, ಟೈಲ್ಸ್ ನೆಲದಲ್ಲಿ ನಾಯಿಯ ಕಾಲು ಜಾರುತ್ತದೆ, ಆದ್ದರಿಂದ ಜಾರದ ಮ್ಯಾಟ್ ಹಾಸಿಯೇ ಪಾಠ ಮಾಡಬೇಕು. ಸೊಂಟದ ಕೀಲಿನ ತೊಂದರೆ ಕಾಣುವ ಲ್ಯಾಬ್ರಡಾರ್, ಜರ್ಮನ್ ಶೆಫರ್ಡ್‌ಗಳಿಗೂ ಉದ್ದ ಬೆನ್ನಿನ ಡ್ಯಾಶ್‌ಹುಂಡ್‌ಗೂ ಹಿಂಗಾಲ ಮೇಲೆ ನಿಲ್ಲುವ, ಎತ್ತರಕ್ಕೆ ಜಿಗಿಯುವ ಕಸರತ್ತು ಬೇಡ. ಮೂಳೆ ಬೆಳೆಯುತ್ತಿರುವ ಮರಿಗೂ ಬೇಡ. ಮುದಿ ನಾಯಿಗೆ ಮೂಗಿನ ಆಟ, ಅಂಗೈ ಮುಟ್ಟುವ ಆಟ ಧಾರಾಳ ಸಾಕು.

ಆಕಳಿಸುವುದು, ತುಟಿ ನೆಕ್ಕುವುದು, ಮುಖ ತಿರುಗಿಸುವುದು, ಎದ್ದು ಹೋಗುವುದು ಕಂಡರೆ ಪಾಠ ಕಷ್ಟವಾಗಿದೆಯೆಂದು ತಿಳಿದು ಹಿಂದಿನ ಸುಲಭ ಹೆಜ್ಜೆಗೆ ಮರಳಬೇಕು. ಗದರಿದರೆ ನಾಯಿ ಹೊಸದನ್ನು ಮಾಡಿ ನೋಡುವುದನ್ನೇ ಬಿಡುತ್ತದೆ, ಆಗ ಇಡೀ ಅಭ್ಯಾಸದ ಉದ್ದೇಶವೇ ಕೈತಪ್ಪುತ್ತದೆ. ಇನ್ನು, ಮನೆಯೊಳಗಿನ ಆಟ ಎಷ್ಟೇ ಚೆನ್ನಾಗಿದ್ದರೂ ಅದು ವಾಕಿಂಗ್‌ಗೆ ಬದಲಿಯಲ್ಲ. ಮಳೆ ಬಿಟ್ಟ ಮೇಲೆ ನಾಯಿಯನ್ನು ಹೊರಗೆ ಕರೆದೊಯ್ಯಬೇಕು, ಅಲ್ಲಿಯೂ ಅದಕ್ಕೆ ಬೇಕಾದಷ್ಟು ಹೊತ್ತು ನಿಂತು ಮೂಸಲು ಬಿಡಬೇಕು.