ಕಬ್ಬಿಣದ ಗುಡ್ಡವೂ ಕಬ್ಬಿಣವಿಲ್ಲದ ಹಡಗೂ

ಮುಂಡರಗಿ ತಾಲ್ಲೂಕಿನ ಡಂಬಳವು ಕಪ್ಪತಗುಡ್ಡದ ಮಗ್ಗುಲಿನ ಊರು. ಇಲ್ಲಿ ದೊರೆತ ಕ್ರಿ.ಶ. 1095ರ ಶಾಸನವೊಂದು ಹದಿನಾರು ಮಂದಿ ಸೆಟ್ಟಿಗಳು ಕಟ್ಟಿಸಿದ ಬೌದ್ಧವಿಹಾರವನ್ನೂ ತಾರಾದೇವಿಯನ್ನೂ ಕುರಿತದ್ದೆಂಬುದು ಕರ್ನಾಟಕದ ಧಾರ್ಮಿಕ ಇತಿಹಾಸವನ್ನು ಓದಿದವರಿಗೆಲ್ಲ ಗೊತ್ತಿದೆ. ಅದರ ಸ್ತುತಿಭಾಗದಲ್ಲಿ ತಾರೆಯು ಕಳೆಯುವ ಎಂಟು ಭಯಗಳ ಪಟ್ಟಿಯಿದೆ. ಸಿಂಹ, ಆನೆ, ಬೆಂಕಿ, ಸರ್ಪ, ಕಳ್ಳ, ಸಂಕೋಲೆ, ಪಿಶಾಚ ಇವುಗಳ ಜೊತೆಗೆ ಸಮುದ್ರದ ಭಯವೂ ಅದರಲ್ಲಿ ಸೇರಿದೆ. ಈ ಪಟ್ಟಿ ತಾರೋಪಾಸನೆಯಲ್ಲಿ ರೂಢಿಯಾಗಿ ಬಂದದ್ದು. ಆದ್ದರಿಂದ ಡಂಬಳದ ಸೆಟ್ಟಿಗಳು ಹಡಗೇರಿ ಹೋಗುತ್ತಿದ್ದರೆಂದು ಇದೊಂದರಿಂದಲೇ ಹೇಳುವುದು ಸಾಹಸವಾದೀತು. ಆದರೂ ಘಟ್ಟದ ಈಚೆ, ಕಡಲಿನಿಂದ ಇಷ್ಟು ದೂರದಲ್ಲಿ, ಕಬ್ಬಿಣದ ಅದಿರಿನ ಗುಡ್ಡದ ಬುಡದಲ್ಲಿ ವರ್ತಕರು ನಿಲ್ಲಿಸಿದ ಕಲ್ಲಿನ ಮೇಲೆ ಸಮುದ್ರಭಯದ ಮಾತು ಇರುವುದು ಒಂದು ಪ್ರಶ್ನೆಯನ್ನು ಎಬ್ಬಿಸುತ್ತದೆ. ಆ ಕಾಲದಲ್ಲಿ ಪಶ್ಚಿಮ ಸಮುದ್ರದ ಮೇಲೆ ಓಡಾಡುತ್ತಿದ್ದ ಹಡಗುಗಳಲ್ಲಿ ಬಹುಪಾಲಿನವಕ್ಕೆ ಕಬ್ಬಿಣದ ಮೊಳೆಯೇ ಇರಲಿಲ್ಲ. ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದಿರುತ್ತಿದ್ದರು. ಕಬ್ಬಿಣ ಬಲ್ಲ ನಾಡು ಹಡಗಿಗೆ ಅದನ್ನೇಕೆ ಬಳಸಲಿಲ್ಲ?

ಈ ಪ್ರಶ್ನೆಗೆ ಆರನೆಯ ಶತಮಾನದ ಗ್ರೀಕ್ ಇತಿಹಾಸಕಾರ ಪ್ರೊಕೋಪಿಯಸನು ಒಂದು ಉತ್ತರ ಕೊಟ್ಟಿದ್ದಾನೆ. ಭಾರತದ ಸಮುದ್ರದ ಹಡಗುಗಳ ಹಲಗೆಗಳನ್ನು ಹುರಿಯಿಂದ ಬಿಗಿಯುತ್ತಾರೆಂದು ಹೇಳಿ, ಅಲ್ಲಿನ ಬಂಡೆಗಳು ಕಬ್ಬಿಣವನ್ನು ಸೆಳೆಯುವುದೇ ಇದಕ್ಕೆ ಕಾರಣವೆಂಬ ಜನಜನಿತ ಕಥೆಯನ್ನು ಅವನು ತಳ್ಳಿಹಾಕುತ್ತಾನೆ. ರೋಮನರ ಹಡಗುಗಳು ಕಬ್ಬಿಣವನ್ನು ಹೊತ್ತುಕೊಂಡೇ ಕೆಂಪು ಸಮುದ್ರದಲ್ಲಿ ಓಡಾಡಿದರೂ ಅವಕ್ಕೆ ಏನೂ ಆಗಲಿಲ್ಲವೆಂಬುದು ಅವನ ವಾದ. ಇಷ್ಟರ ಮಟ್ಟಿಗೆ ಅವನ ವಿಚಾರಸರಣಿ ಮೆಚ್ಚತಕ್ಕದ್ದು. ಆದರೆ ಮುಂದಿನ ಹೆಜ್ಜೆಯಲ್ಲಿಯೇ ಅವನು ಜಾರುತ್ತಾನೆ. ಭಾರತೀಯರಲ್ಲಿ ಕಬ್ಬಿಣವಿಲ್ಲ, ರೋಮನರಿಂದ ಕೊಳ್ಳೋಣವೆಂದರೆ ಅದನ್ನು ಮಾರಿದವರಿಗೆ ಮರಣದಂಡನೆ, ಆದುದರಿಂದ ಹಡಗುಗಳಲ್ಲಿ ಮೊಳೆಯಿಲ್ಲ ಎಂಬುದು ಅವನ ತೀರ್ಮಾನ.

ಈ ತೀರ್ಮಾನವನ್ನು ಅಲ್ಲಗಳೆಯಲು ದೂರ ಹೋಗಬೇಕಾಗಿಲ್ಲ. ತುಂಗಭದ್ರೆಯ ದಂಡೆಯ ಹಳ್ಳೂರಿನ ಉತ್ಖನನದಲ್ಲಿ ದೊರೆತ ಕಬ್ಬಿಣದ ಆಯುಧಗಳು ಕ್ರಿ.ಪೂ. 1000ದ ಸುಮಾರಿನವು. ಪ್ರೊಕೋಪಿಯಸನಿಗಿಂತ ನಾಲ್ಕೈದು ನೂರು ವರ್ಷ ಮೊದಲಿನ, ಅವನದೇ ಭಾಷೆಯ ‘ಪೆರಿಪ್ಲಸ್’ ಗ್ರಂಥವು ಭಾರತದ ಕಬ್ಬಿಣವೂ ಉಕ್ಕೂ ಆಫ್ರಿಕದ ರೇವುಗಳಿಗೆ ಬರುತ್ತಿದ್ದುದನ್ನು ಹೇಳುತ್ತದೆ. ಗದಗ, ಶಿರಹಟ್ಟಿ, ಮುಂಡರಗಿ ತಾಲ್ಲೂಕುಗಳಲ್ಲಿ ಹಬ್ಬಿರುವ ಕಪ್ಪತಗುಡ್ಡವಂತೂ ಕಣ್ಣೆದುರಿಗೇ ಇದೆ. 1874ರಲ್ಲಿ ರಾಬರ್ಟ್ ಬ್ರೂಸ್ ಫೂಟನು ಡಂಬಳದ ಗುಡ್ಡಗಳ ಚಿನ್ನದ ಶಿಲೆಗಳನ್ನು ಕುರಿತು ಬರೆದ ಮೇಲೆ ಈ ಗುಡ್ಡವೆಂದರೆ ಚಿನ್ನವೆಂಬ ಭಾವನೆ ಬಲವಾಯಿತು. ಗುಡ್ಡಕ್ಕೆ ಕೆಂಪು ಬಣ್ಣ ಕೊಟ್ಟಿರುವುದು ಮಾತ್ರ ಕಬ್ಬಿಣವೇ.

ಅಯಸ್ಕಾಂತದ ಬಂಡೆಗಳ ಕಥೆ ನಮ್ಮಲ್ಲಿಯೂ ಇತ್ತು. ಭೋಜರಾಜನ ಹೆಸರಿನಲ್ಲಿರುವ ‘ಯುಕ್ತಿಕಲ್ಪತರು’ ಇದೇ ಕಾರಣಕ್ಕಾಗಿ ಕಡಲ ಹಡಗಿಗೆ ಕಬ್ಬಿಣವನ್ನು ನಿಷೇಧಿಸುತ್ತದೆ. ಹದಿನಾಲ್ಕನೆಯ ಶತಮಾನದಲ್ಲಿ ಹೊನ್ನಾವರವನ್ನು ಕಂಡುಹೋದ ಇಬ್ನ್ ಬತೂತನ ವಿವರಣೆ ಹೆಚ್ಚು ಲೌಕಿಕವಾದದ್ದು. ಮೊಳೆ ಹೊಡೆದ ಹಡಗು ಬಂಡೆಗೆ ತಾಗಿದರೆ ಒಡೆಯುತ್ತದೆ, ಹುರಿಯಿಂದ ಹೊಲಿದದ್ದು ಬಾಗಿ ಉಳಿಯುತ್ತದೆ ಎಂದು ಅವನು ಬರೆದಿದ್ದಾನೆ. ಇದು ನಂಬತಕ್ಕ ಮಾತು. ಆದರೆ ಇದರೊಡನೆ ಇನ್ನೊಂದು ಕಾರಣವೂ ಇದ್ದಿರಬೇಕೆಂದೂ, ಅದನ್ನು ತಿಳಿಯಲು ಗ್ರಂಥಗಳಿಗಿಂತ ಲೋಹಗಳನ್ನೇ ಕೇಳಬೇಕೆಂದೂ ನನಗೆ ತೋರುತ್ತದೆ.

ಕನ್ನಡ ಭಾಷೆಯೇ ಇಲ್ಲಿ ಒಂದು ದಾರಿ ತೋರಿಸಿದೆ. ಕಬ್ಬಿಣಕ್ಕೆ ಹಿಡಿಯುವುದು ತುಕ್ಕು, ತಾಮ್ರ ಹಿತ್ತಾಳೆಗಳಿಗೆ ಹಿಡಿಯುವುದು ಕಿಲುಬು. ಈ ಎರಡನ್ನೂ ನಮ್ಮ ಜನ ಒಂದೇ ಹೆಸರಿನಿಂದ ಕರೆಯಲಿಲ್ಲ. ಸವಳು ನೀರಿನ ಬಾವಿಗಳಿರುವ ನಮ್ಮ ಊರುಗಳಲ್ಲಿ ಇವುಗಳ ವ್ಯತ್ಯಾಸವನ್ನು ಮನೆಮನೆಯಲ್ಲಿ ಕಾಣಬಹುದು. ಅಜ್ಜಿಯ ತಾಮ್ರದ ಹಂಡೆಯನ್ನು ಹುಣಿಸೆಹಣ್ಣಿನಿಂದ ತಿಕ್ಕಿ ಮೊಮ್ಮಗಳು ಬಳಸುತ್ತಾಳೆ. ಕಬ್ಬಿಣದ ಕೊಡವಾದರೋ ಕೆಲವೇ ವರ್ಷಗಳಲ್ಲಿ ತಳ ಬಿಡುತ್ತದೆ. ಕಿಲುಬು ಲೋಹಕ್ಕೆ ಅಂಟಿಕೊಂಡ ತೆಳುವಾದ ಪೊರೆ. ಅದು ಒಳಗಿನ ಲೋಹವನ್ನು ಬಹುಮಟ್ಟಿಗೆ ಕಾಯುತ್ತದೆ. ತುಕ್ಕು ಸಡಿಲವಾದದ್ದು, ಉಬ್ಬುವಂಥದ್ದು. ಅದು ಉದುರಿದಂತೆಲ್ಲ ಹೊಸ ಲೋಹ ಬಯಲಾಗುತ್ತದೆ.

ಹಾಗಾದರೆ ಕಬ್ಬಿಣವೆಲ್ಲ ಬೇಗ ನಾಶವಾಗುವುದೇ? ಇಲ್ಲ. ಪಶ್ಚಿಮ ಘಟ್ಟದ ಕೊಡಚಾದ್ರಿಯಲ್ಲಿ, ವರ್ಷಕ್ಕೆ ನಾಲ್ಕು ತಿಂಗಳು ಜಡಿಮಳೆ ಸುರಿಯುವ ಎಡೆಯಲ್ಲಿ, ಆದಿಮೂಕಾಂಬಿಕೆಯ ಗುಡಿಯ ಬಳಿ ಹಳೆಯ ರೀತಿಯಲ್ಲಿ ಬಡಿದು ಮಾಡಿದ ಕಬ್ಬಿಣದ ಕಂಬವೊಂದು ನಿಂತಿದೆ. ದೆಹಲಿಯ ಸ್ತಂಭದ ವಿಷಯವಂತೂ ಎಲ್ಲರೂ ಬಲ್ಲದ್ದೇ. ಅದರ ಕಬ್ಬಿಣದಲ್ಲಿರುವ ರಂಜಕವು ಮೇಲ್ಮೈಯಲ್ಲಿ ರಕ್ಷಕ ಪೊರೆ ಕಟ್ಟಲು ನೆರವಾಗಿದೆಯೆಂದು ಲೋಹಶಾಸ್ತ್ರಜ್ಞರು ತೋರಿಸಿದ್ದಾರೆ. ಆದರೆ ಇವೆರಡೂ ಗಾಳಿಯಲ್ಲಿ ನಿಂತವು, ನೆನೆದ ಮೇಲೆ ಒಣಗುವವು. ಸಮುದ್ರದಲ್ಲಿ ಒಣಗುವ ಹೊತ್ತೇ ಇಲ್ಲ. ಉಪ್ಪಿನ ಕ್ಲೋರೈಡು ಪೊರೆಯನ್ನು ಒಡೆಯುತ್ತದೆ. ಹಲಗೆಯೊಳಗೆ ಹೊಕ್ಕ ಮೊಳೆಗೆ ಇನ್ನೂ ಕೇಡು. ಹಸಿಮರದ ಆಮ್ಲವೂ ಉಪ್ಪುನೀರೂ ಕೂಡಿ ಅದನ್ನು ತಿನ್ನುತ್ತವೆ. ಉಬ್ಬಿದ ತುಕ್ಕು ಮರದ ತೂತನ್ನು ಅಗಲಮಾಡುತ್ತದೆ, ಕಡೆಗೆ ಮೊಳೆ ಸಡಿಲವಾಗಿ ನೀರು ಒಳನುಗ್ಗುತ್ತದೆ.

ಯೂರೋಪಿನ ಹಡಗುಕಾರರು ಇದೇ ಪಾಠವನ್ನು ಬೆಲೆ ತೆತ್ತು ಕಲಿತರು. ಮರ ಕೊರೆಯುವ ಕಡಲಹುಳುಗಳನ್ನು ತಡೆಯಲು 1670ರ ದಶಕದಲ್ಲಿ ಇಂಗ್ಲಿಷ್ ನೌಕಾಪಡೆಯು ಹಡಗಿನ ತಳಕ್ಕೆ ಸೀಸದ ತಗಡು ಹೊದಿಸಿತು. ಚುಕ್ಕಾಣಿಯ ಕಬ್ಬಿಣಗಳು ವಿಪರೀತ ವೇಗದಲ್ಲಿ ಸವೆದುಹೋದುವು. 1761ರಲ್ಲಿ ‘ಅಲಾರ್ಮ್’ ಎಂಬ ಹಡಗಿಗೆ ತಾಮ್ರ ಹೊದಿಸಲಾಯಿತು. 1763ರಲ್ಲಿ ಪರೀಕ್ಷಿಸಿದಾಗ ತಾಮ್ರಕ್ಕೆ ತಾಗಿದ ಕಬ್ಬಿಣದ ಮೊಳೆಗಳೆಲ್ಲ ಕರಗಿಹೋಗಿದ್ದುವು. ನಡುವೆ ಕಂದು ಕಾಗದ ಸಿಕ್ಕಿಕೊಂಡಿದ್ದ ಕಡೆ ಮಾತ್ರ ಕಬ್ಬಿಣ ಉಳಿದಿತ್ತು. ಉಪ್ಪುನೀರಿನಲ್ಲಿ ಎರಡು ಲೋಹಗಳು ಸೇರಿದರೆ ವಿದ್ಯುತ್ತು ಹರಿದು, ದುರ್ಬಲವಾದದ್ದು ಬಲವಾದದ್ದಕ್ಕಾಗಿ ಸವೆಯುತ್ತದೆಂಬ ತತ್ತ್ವ ಆಗ ಇನ್ನೂ ಯಾರಿಗೂ ತಿಳಿದಿರಲಿಲ್ಲ.

ಈ ತತ್ತ್ವವನ್ನು ಬೇಕೆಂದೇ ಬಳಸಿದವನು ಹಂಫ್ರಿ ಡೇವಿ. ಅವನು ಪರೀಕ್ಷೆಗೆ ಆರಿಸಿಕೊಂಡ ‘ಸಮಾರಂಗ್’ ಹಡಗು ನಮ್ಮ ಪಶ್ಚಿಮ ಕರಾವಳಿಯದೇ, ಕೊಚ್ಚಿಯಲ್ಲಿ ಕಟ್ಟಿ 1822ರಲ್ಲಿ ನೀರಿಗಿಳಿಸಿದ್ದು. ತಾಮ್ರದ ಹೊದಿಕೆಯ ಎಂಬತ್ತರಲ್ಲಿ ಒಂದು ಪಾಲಿನಷ್ಟು ಕಬ್ಬಿಣವನ್ನು ಅದಕ್ಕೆ ಜೋಡಿಸಿ, 1824ರಲ್ಲಿ ಉತ್ತರ ಅಟ್ಲಾಂಟಿಕಿನ ತಣ್ಣೀರಿನ ನೋವಾ ಸ್ಕೋಷಿಯಕ್ಕೆ ಕಳಿಸಿದರು. ಮರುವರ್ಷ ಅದು ಹಿಂದಿರುಗಿದಾಗ ಕಬ್ಬಿಣ ಸವೆದಿತ್ತು, ತಾಮ್ರ ಉಳಿದಿತ್ತು. ಆದರೆ ಹೀಗೆ ಕಾಪಾಡಿದ ಹಡಗುಗಳ ತಳಕ್ಕೆ ಪಾಚಿ, ಚಿಪ್ಪುಪ್ರಾಣಿಗಳು ಅಂಟಿಕೊಳ್ಳತೊಡಗಿದುವು! ತಾಮ್ರವು ಕೊಂಚಕೊಂಚವೇ ಕರಗಿ ನೀರಿಗಿಳಿಯುವುದರಿಂದಲೇ ಅವು ಅದರಿಂದ ದೂರವಿರುತ್ತವೆ. ಕರಗುವುದನ್ನು ನಿಲ್ಲಿಸಿದೊಡನೆ ಆ ಗುಣವೂ ಹೋಯಿತು. ಸವೆಯುವುದೇ ಒಂದು ಲೋಹದ ಉಪಯೋಗವಾಗಿರಬಹುದೆಂಬ ಈ ಸಂಗತಿ ನನ್ನ ವಿದ್ಯಾರ್ಥಿಗಳಿಗೆ ಯಾವಾಗಲೂ ಸೋಜಿಗವನ್ನುಂಟುಮಾಡುತ್ತದೆ. ಅನಂತರ 1832ರಲ್ಲಿ ಮಂಟ್ಸ್ ಎಂಬವನು ಸುಮಾರು ಅರವತ್ತು ಪಾಲು ತಾಮ್ರ, ನಲವತ್ತು ಪಾಲು ಸತುವಿನ ಅಗ್ಗದ ಹಿತ್ತಾಳೆಯನ್ನು ತಂದನು. ಇಂಥ ಹಿತ್ತಾಳೆಯ ಕೇಡೆಂದರೆ ಕಡಲ ನೀರು ಅದರ ಸತುವನ್ನು ಕದ್ದು, ಹೊರಗೆ ಆಕಾರ ಹಾಗೆಯೇ ಇದ್ದು ಒಳಗೆ ಟೊಳ್ಳಾಗುವುದು. ಸ್ವಲ್ಪ ತವರ ಬೆರಸಿದರೆ ಇದು ಕಡಮೆಯಾಗುತ್ತದೆ.

ಇಲ್ಲಿ ತಣ್ಣನೆಯ ಸಮುದ್ರದ ಮಾತನ್ನು ಬಿಡುವಂತಿಲ್ಲ. ತಂಪಿನಲ್ಲಿ ರಾಸಾಯನಿಕ ಕ್ರಿಯೆ ನಿಧಾನವಾದ್ದರಿಂದ ಅಲ್ಲಿ ಕಬ್ಬಿಣ ಉಳಿಯುವುದೆಂದು ಮೇಲುನೋಟಕ್ಕೆ ಅನಿಸುತ್ತದೆ. ಆದರೆ ತುಕ್ಕಿಗೆ ಬೇಕಾದದ್ದು ಆಮ್ಲಜನಕ. ತಣ್ಣೀರು ಅದನ್ನೇ ಹೆಚ್ಚು ಹಿಡಿದಿಡುತ್ತದೆ. 30 ಡಿಗ್ರಿಯ ಕಡಲ ನೀರಿನ ಒಂದು ಲೀಟರಿನಲ್ಲಿ ಸುಮಾರು 6 ಮಿಲಿಗ್ರಾಂ ಆಮ್ಲಜನಕವಿದ್ದರೆ, 0 ಡಿಗ್ರಿಯಲ್ಲಿ ಸುಮಾರು 11 ಮಿಲಿಗ್ರಾಂ. ಹೀಗೆ ಒಂದು ಕೈ ಉಳಿಸಿದ್ದನ್ನು ಇನ್ನೊಂದು ಕೈ ಕಳೆಯುತ್ತದೆ. 1912ರಲ್ಲಿ ಮುಳುಗಿದ ‘ಟೈಟಾನಿಕ್’ 1985ರಲ್ಲಿ ಸುಮಾರು 3800 ಮೀಟರು ಆಳದ ಕೊರೆಯುವ ತಣ್ಣೀರಿನಲ್ಲಿ ಪತ್ತೆಯಾಯಿತು. ಅದರ ಉಕ್ಕಿನಿಂದ ತುಕ್ಕಿನ ಜೋಲುಗಳು ಇಳಿಬಿದ್ದಿವೆ. ಬ್ಯಾಕ್ಟೀರಿಯಗಳೂ ಅದನ್ನು ತಿನ್ನುತ್ತಿವೆ. ಚುಕ್ಕಾಣಿಚಕ್ರಕ್ಕೆ ಸೇರಿದ ಕಂಚಿನ ಯಂತ್ರಭಾಗ ಮಾತ್ರ ನಿಂತಿತ್ತು. ಒಂದೇ ಹಡಗು, ಒಂದೇ ನೀರು, ಎರಡು ಲೋಹ. 1628ರಲ್ಲಿ ಸ್ಟಾಕ್‌ಹೋಮಿನಲ್ಲಿ ಮುಳುಗಿ 1961ರಲ್ಲಿ ಮೇಲೆತ್ತಿದ ‘ವಾಸಾ’ ಹಡಗಿನ ಸಾಕ್ಷ್ಯ ನಮ್ಮ ವಿಷಯಕ್ಕೆ ಇನ್ನೂ ಹತ್ತಿರದ್ದು. ಉಪ್ಪು ಕಡಮೆಯಿರುವ ಆ ತಣ್ಣೀರಿನಲ್ಲಿಯೂ ಅದರ ಸಾವಿರಾರು ಕಬ್ಬಿಣದ ಬೋಲ್ಟುಗಳು ತುಕ್ಕಾಗಿ ಹೋಗಿದ್ದುವು. ಹಡಗನ್ನು ಒಟ್ಟಿಗೆ ಹಿಡಿದಿದ್ದುವು ಮರದ ಗೂಟಗಳು.

ಇಷ್ಟನ್ನು ನೋಡಿದ ಮೇಲೆ ಪ್ರೊಕೋಪಿಯಸನ ಮಾತನ್ನು ತಿರುಗಿಸಿ ಹೇಳಬಹುದು. ಕಬ್ಬಿಣ ಗೊತ್ತಿಲ್ಲದವರು ಹೊಲಿದ ಹಡಗು ಅದಲ್ಲ. ಕಬ್ಬಿಣ ಎಲ್ಲಿ ನಿಲ್ಲುತ್ತದೆ, ಎಲ್ಲಿ ನಿಲ್ಲುವುದಿಲ್ಲ ಎಂದು ಕಂಡವರ ಆಯ್ಕೆಯೂ ಅದರಲ್ಲಿ ಇದ್ದಿರಬೇಕು. ತುಕ್ಕೊಂದೇ ಕಾರಣವೆಂದು ನಾನು ಹೇಳುವುದಿಲ್ಲ. ಅಗ್ಗದ ತೆಂಗಿನ ನಾರು, ಮರಳುದಂಡೆಗೆ ಎಳೆಯಬೇಕಾದ ಹಡಗಿಗೆ ಬೇಕಾದ ಬಾಗುವ ಗುಣ, ಇವೂ ಸೇರಿದ್ದುವು. ಹುರಿಯೂ ಅಮರವಲ್ಲ, ಅದನ್ನು ಆಗಾಗ ಬಿಚ್ಚಿ ಹೊಲಿಯಬೇಕಾಗಿತ್ತು. ಮೊಳೆಯ ಹಡಗು ಹದಿನಾರನೆಯ ಶತಮಾನದಿಂದೀಚೆಗೆ ಪಶ್ಚಿಮ ಕರಾವಳಿಯಲ್ಲಿ ಹೆಚ್ಚಿದ್ದಕ್ಕೆ ಭಾರವಾದ ಫಿರಂಗಿಗಳ ಒತ್ತಾಯವೂ ಇತ್ತು. ಆದರೂ ಹೊಲಿಗೆಯ ವಿದ್ಯೆ ಅಳಿಯಲಿಲ್ಲ. ಅಜಂತೆಯ ಚಿತ್ರವನ್ನು ಆಧರಿಸಿ ನಾರಿನ ಹುರಿಯಿಂದ ಹೊಲಿದ ‘ಕೌಂಡಿನ್ಯ’ ನೌಕೆಯನ್ನು 2025ರ ಮೇ 21ರಂದು ನಮ್ಮ ಕಾರವಾರದಲ್ಲಿಯೇ ನೌಕಾಪಡೆಗೆ ಸೇರಿಸಿಕೊಳ್ಳಲಾಯಿತು.

ಇತಿಹಾಸದ ಅಧ್ಯಾಪಕನಿಗೆ ಇದರಲ್ಲಿ ಇನ್ನೊಂದು ತೊಡಕಿದೆ. ಲಕ್ಕುಂಡಿಯ ಹೆಸರು ಹೊತ್ತ ಲೊಕ್ಕಿಗದ್ಯಾಣವು ಚಿನ್ನವಾದ್ದರಿಂದ ಉಳಿಯುತ್ತದೆ. ತಾಮ್ರಶಾಸನ ಕಿಲುಬು ಹಿಡಿದೂ ಉಳಿಯುತ್ತದೆ. ಅವುಗಳಿಂದ ನಾವು ಅರಸರ, ದಾನಿಗಳ ಚರಿತ್ರೆ ಬರೆಯುತ್ತೇವೆ. ಕಮ್ಮಾರನು ಮಾಡಿದ ಕುಳ, ಕುಡುಗೋಲು, ಮೊಳೆಗಳು ಮಣ್ಣಿನಲ್ಲಿ ಮಣ್ಣಾಗಿವೆ. ಅವು ಸಿಗಲಿಲ್ಲವೆಂದು ಅವು ಇರಲೇ ಇಲ್ಲವೆನ್ನುವುದು ಪ್ರೊಕೋಪಿಯಸನ ತಪ್ಪನ್ನೇ ಮತ್ತೆ ಮಾಡಿದಂತೆ. ಕಬ್ಬಿಣದ ಕೆಲಸದಲ್ಲಿ ಅಳಿಯದೆ ಉಳಿಯುವುದೊಂದಿದೆ, ಅದು ಅದಿರು ಕರಗಿಸಿದ ಮೇಲೆ ಎಸೆದ ಕಿಟ್ಟ. ಅದಕ್ಕೆ ತುಕ್ಕಿನ ಭಯ ಅಷ್ಟಿಲ್ಲ, ನೇಗಿಲಿನ ಮತ್ತು ಜೆಸಿಬಿಯ ಭಯವುಂಟು. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರಗಳ ಕಾಲೇಜುಗಳ ವಿದ್ಯಾರ್ಥಿಗಳು ರಜೆಯಲ್ಲಿ ತಮ್ಮ ಹೊಲಗಳ ಬದುಗಳಲ್ಲಿ, ಗುಡ್ಡದ ಹಳ್ಳಗಳ ದಂಡೆಯಲ್ಲಿ ಇಂಥ ಕಪ್ಪುಗಟ್ಟಿಗಳನ್ನು ಕಂಡರೆ, ಅವನ್ನು ಎತ್ತಿ ತರದೆ, ಊರು, ಸರ್ವೆ ನಂಬರು, ಸುತ್ತಲಿನ ಮಡಕೆಚೂರುಗಳ ಬಣ್ಣ ಇಷ್ಟನ್ನು ಗುರುತು ಮಾಡಿಕೊಂಡು ಬಂದು ತಿಳಿಸಬೇಕೆಂದು ಕೋರುತ್ತೇನೆ.