ಬರ್ಡ್ಸ್‌ವಿಲ್ಲಿನ ಸುಂಕದ ಗಡಿಯೂ ಪಾನಗೃಹವೂ

ಗಡಿಯು ಊರನ್ನು ಬೆಳೆಸುವಂತೆಯೇ ಗಡಿಯ ಲೋಪವು ಅದನ್ನು ಕುಗ್ಗಿಸುವುದುಂಟು. ಇದಕ್ಕೆ ಆಸ್ಟ್ರೇಲಿಯದ ಬರ್ಡ್ಸ್‌ವಿಲ್ ಗ್ರಾಮವು ನಿದರ್ಶನವಾಗಿದೆ. ಕ್ವೀನ್ಸ್‌ಲೆಂಡ್ ಪ್ರಾಂತದ ನೈಋತ್ಯದ ಅಂಚಿನಲ್ಲಿ, ಸಿಂಪ್ಸನ್ ಮರುಭೂಮಿಯ ಮಗ್ಗುಲಲ್ಲಿ, ಡಯಮಂಟೀನಾ ನದಿಯ ತೀರದಲ್ಲಿರುವ ಈ ಊರಿನ ಜನಸಂಖ್ಯೆಯು ೨೦೨೧ರ ಗಣತಿಯಂತೆ ೧೧೦.

ಮೊದಲು ಇದು ವಾಂಗ್‌ಕಂಗುರು ಜನರ ನೆಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಬಿಳಿಯ ಪಶುಪಾಲಕರು ಇಲ್ಲಿಗೆ ಬಂದರು. ಆಗ ಕ್ವೀನ್ಸ್‌ಲೆಂಡೂ ದಕ್ಷಿಣ ಆಸ್ಟ್ರೇಲಿಯವೂ ಬೇರೆ ಬೇರೆ ವಸಾಹತುಗಳಾಗಿದ್ದು, ಗಡಿ ದಾಟುವ ದನಗಳಿಗೆ ಇಲ್ಲಿ ಸುಂಕವನ್ನು ಸಲ್ಲಿಸಬೇಕಾಗಿದ್ದಿತು. ಸುಂಕದ ಕಟ್ಟೆಯಲ್ಲಿ ಮಂದೆಗಳು ತಂಗಿದುವು; ಅವುಗಳನ್ನು ಅಟ್ಟಿಕೊಂಡು ಬಂದವರಿಗಾಗಿ ಅಂಗಡಿಗಳೂ ಮೂರು ಪಾನಗೃಹಗಳೂ ಎದ್ದುವು. ಇವುಗಳಲ್ಲಿ ೧೮೮೪ರಲ್ಲಿ ಮರಳುಗಲ್ಲಿನಿಂದ ಕಟ್ಟಿದ, ಮಹಡಿಯಿಲ್ಲದ ಬರ್ಡ್ಸ್‌ವಿಲ್ ಹೋಟೆಲ್ ಒಂದು. ಅದೇ ವರ್ಷ ದಕ್ಷಿಣದ ರೈಲುದಾರಿಯು ಮಾರೀ ಎಂಬಲ್ಲಿಗೆ ಮುಟ್ಟಿತು. ಅಲ್ಲಿಂದ ಸುಮಾರು ೩೨೦ ಮೈಲಿಗಳ ಮರುಭೂಮಿಯ ದಾರಿಯಲ್ಲಿ ಸರಕನ್ನು ಸಾಗಿಸಿದವರು ಒಂಟೆಗಾರರು. ಅವರನ್ನು ಒಟ್ಟಾಗಿ ‘ಆಫ್ಘನರು’ ಎಂದು ಕರೆದರೂ ಅವರಲ್ಲಿ ಅನೇಕರು ಪಂಜಾಬ, ಸಿಂಧ, ಬಲೂಚಿಸ್ತಾನಗಳವರು.

೧೯೦೧ರಲ್ಲಿ ವಸಾಹತುಗಳು ಒಂದುಗೂಡಿದುವು, ಗಡಿಸುಂಕ ಹೋಯಿತು, ಊರು ಸೊರಗಿತು. ರಾಯಲ್ ಹೋಟೆಲಿನ ಕಟ್ಟಡವು ೧೯೨೩ರಿಂದ ೧೯೩೭ರವರೆಗೆ ಆಸ್ಟ್ರೇಲಿಯನ್ ಇನ್‌ಲೆಂಡ್ ಮಿಷನ್ನಿನ ಆಸ್ಪತ್ರೆಯಾಗಿದ್ದಿತು. ಬರ್ಡ್ಸ್‌ವಿಲ್ ಹೋಟೆಲಾದರೋ ೧೯೭೯ರಲ್ಲಿ ಬೆಂಕಿಗೆ ತುತ್ತಾಗಿಯೂ ಮತ್ತೆ ಎದ್ದು, ದಾರಿಗರಿಗೆ ಪಾನವನ್ನಲ್ಲದೆ ಊಟವನ್ನೂ ವಸತಿಯನ್ನೂ ಒದಗಿಸುತ್ತಿದೆ. ಸುಂಕವು ತಂದ ಐಶ್ವರ್ಯವು ಸುಂಕದೊಡನೆ ತೀರಿತು. ದಾರಿಯ ದಣಿವು ತೀರದುದರಿಂದ ನಮ್ಮ ಛತ್ರಗಳನ್ನು ಹೋಲುವ ಈ ಮನೆಯು ಉಳಿಯಿತು. ಆದರೆ ಈ ಕಲ್ಲಿನ ಕಟ್ಟಡವೊಂದನ್ನೇ ನೋಡಿ, ಸರಕು ತಂದ ಒಂಟೆಗಾರರನ್ನೂ ನೆಲದ ಮೂಲನಿವಾಸಿಗಳನ್ನೂ ಮರೆತು ಬರೆದ ಚರಿತ್ರೆಯು ಅಪೂರ್ಣವೇ ಸರಿ.