ಎರಡು ಒಡಲ ಹಡಗು: ಕಟಮರಾನ್ ಕಥೆ

1/5
ಅಂಡಮಾನ್ ಟ್ರಿಪ್ ಮುಗಿಸಿ ಬಂದವರು ಯಾರಾದ್ರೂ ಇದ್ದೀರಾ? ಪೋರ್ಟ್ ಬ್ಲೇರ್‌ನಿಂದ ಹ್ಯಾವ್‌ಲಾಕ್‌ಗೆ ಏಸಿ ಹಾಕ್ಕೊಂಡು ಜುಂ ಅಂತ ಹೋಗೋ ಫೆರ್ರಿಗಳಿವೆಯಲ್ಲ, ಅವುಗಳ ಮೂತಿ ಸರಿಯಾಗಿ ನೋಡಿದ್ದೀರಾ? ಕೆಳಗೆ ಎರಡು ಕಿರಿದಾದ ಒಡಲು, ಮೇಲೆ ಒಂದೇ ಡೆಕ್, ನಡುವೆ ಸುರಂಗದ ಹಾಗೆ ಖಾಲಿ ಜಾಗ. ಅದೇ ಕಟಮರಾನ್.

ಹೆಸರನ್ನ ಒಮ್ಮೆ ನಿಧಾನವಾಗಿ ಹೇಳಿ ನೋಡಿ. ಕಟ್ಟು, ಮರ. ತಮಿಳಿನ ‘ಕಟ್ಟುಮರಂ’. ಕನ್ನಡದವರಿಗೂ ಅರ್ಥ ಹುಡುಕೋಕೆ ನಿಘಂಟು ಬೇಡ. ಕೋರಮಂಡಲ ತೀರದ ಮೀನುಗಾರರು ದಿಮ್ಮಿಗಳನ್ನ ಹಗ್ಗದಲ್ಲಿ ಬಿಗಿದು ಕಟ್ಟೋ ತೆಪ್ಪ ಅದು. ಇಂಗ್ಲಿಷ್ ನಾವಿಕ ವಿಲಿಯಂ ಡ್ಯಾಂಪಿಯರ್ 1697ರ ತನ್ನ ಪ್ರವಾಸ ಪುಸ್ತಕದಲ್ಲಿ ಈ ಪದ ಬರೆದ. ತಮಾಷೆ ಏನಂದ್ರೆ, ಅಸಲಿ ಕಟ್ಟುಮರಕ್ಕೆ ಎರಡು ಒಡಲೇ ಇಲ್ಲ! ಜೋಡಿ ಒಡಲಿನ ದೋಣಿಯಲ್ಲಿ ಪೆಸಿಫಿಕ್ ಸಾಗರ ಸುತ್ತಿದವರು ಪಾಲಿನೇಷ್ಯನ್ನರು. ದೋಣಿ ಅವರದ್ದು, ಹೆಸರು ನಮ್ಮ ಪಕ್ಕದ ಮನೆಯದ್ದು.

ಕಟಮರಾನ್ ಮಗುಚಲ್ಲ, ಅಲ್ಲಾಡಲ್ಲ, ವಾಂತಿ ಬರಲ್ಲ ಅಂತ ಸುಮಾರು ಜನ ಹೇಳ್ತಾರೆ. ಅದು ಎಷ್ಟು ನಿಜ ಅನ್ನೋದೇ ಈ ಸಲದ ವಿಷಯ. ಬಿಕಾಂ ಓದೋರಿಗೂ ಹಡಗಿಗೂ ಏನು ಸಂಬಂಧ ಅಂತ ಕೇಳ್ಬೇಡಿ, ಸಂಬಂಧ ಇದೆ, ಮುಂದೆ ಓದಿ.

2/5
ಅರ್ಥಶಾಸ್ತ್ರದ ಇತಿಹಾಸದಲ್ಲಿ ವಿಲಿಯಂ ಪೆಟ್ಟಿ ಅಂತ ಒಂದು ಹೆಸರು ಬರುತ್ತೆ. ಒಂದು ದೇಶದ ಸಂಪತ್ತನ್ನ ಅಂಕಿಗಳಲ್ಲಿ ಅಳೆಯೋಕೆ ಹೊರಟ ಮೊದಲಿಗರಲ್ಲಿ ಒಬ್ಬ. ಇದೇ ಪುಣ್ಯಾತ್ಮ 1660ರ ದಶಕದಲ್ಲಿ ಜೋಡಿ ಒಡಲಿನ ಹಾಯಿಹಡಗುಗಳನ್ನೂ ಕಟ್ಟಿಸಿದ. ಮೊದಮೊದಲು ಐರಿಷ್ ಸಮುದ್ರದ ಪಂದ್ಯದಲ್ಲಿ ಗೆದ್ದ. ಅದೇ ಹುಮ್ಮಸ್ಸಲ್ಲಿ ‘ಎಕ್ಸ್‌ಪೆರಿಮೆಂಟ್’ ಅನ್ನೋ ದೊಡ್ಡ ಹಡಗನ್ನ ನೀರಿಗಿಳಿಸಿದ. 1665ರಲ್ಲಿ ಬಿಸ್ಕೇ ಕೊಲ್ಲಿಯ ಬಿರುಗಾಳಿಗೆ ಸಿಕ್ಕಿ ಅದು ಜನರ ಸಮೇತ ಕಾಣೆಯಾಯ್ತು. ಪಂದ್ಯ ಗೆಲ್ಲೋ ಸಮುದ್ರ ಬೇರೆ, ಬದುಕಿ ಬರಬೇಕಾದ ಸಮುದ್ರ ಬೇರೆ.

ಜೋಡಿ ಒಡಲಿಗೆ ಎಂಜಿನ್ ಕೂಡಿಸಿದ್ದು ಯಾರು ಅಂದುಕೊಂಡ್ರಿ? ಒಬ್ಬ ಬ್ಯಾಂಕರ್! ಸ್ಕಾಟ್ಲೆಂಡಿನ ಪ್ಯಾಟ್ರಿಕ್ ಮಿಲ್ಲರ್. ವಿಲಿಯಂ ಸಿಮಿಂಗ್ಟನ್ ಮಾಡಿದ ಉಗಿ ಎಂಜಿನ್ ಇಟ್ಟು 1788ರಲ್ಲಿ ಡಾಲ್ಸ್ವಿಂಟನ್ ಅನ್ನೋ ಕೆರೆಯಲ್ಲಿ ಓಡಿಸಿದ. ಕಾಮರ್ಸ್‌ನವರನ್ನ ಯಾರೂ ಹಗುರವಾಗಿ ನೋಡ್ಬೇಡಿ, ಅಷ್ಟೇ.

ಆದ್ರೆ ನನಗೆ ಎಲ್ಲಕ್ಕಿಂತ ಇಷ್ಟವಾದದ್ದು ‘ಕ್ಯಾಸ್ಟೇಲಿಯ’. ಡೋವರ್ ಮತ್ತು ಕ್ಯಾಲೇ ನಡುವಿನ ಕಾಲುವೆ ಅಗಲ ಬರೀ 34 ಕಿಲೋಮೀಟರ್ ಆಸುಪಾಸು, ಆದ್ರೆ ಅಲ್ಲಿ ದಾಟೋರಿಗೆಲ್ಲ ಕರುಳು ಬಾಯಿಗೆ ಬರ್ತಿತ್ತು. 1874ರಲ್ಲಿ ಕ್ಯಾಪ್ಟನ್ ಡೈಸಿ ಅನ್ನೋನ ಯೋಜನೆಯಂತೆ 290 ಅಡಿ ಉದ್ದದ ಈ ಹಡಗು ತಯಾರಾಯ್ತು. ಒಂದೇ ಹಡಗನ್ನ ಉದ್ದಕ್ಕೆ ಸೀಳಿ ದೂರ ಇಟ್ಟ ಹಾಗೆ ಎರಡು ಅರ್ಧ ಒಡಲು, ನಡುವೆ ತಿರುಗೋ ಚಕ್ರಗಳು. ಹೊಯ್ದಾಟ ಕಮ್ಮಿ ಆಯ್ತು, ಒಪ್ಪೋಣ. ವೇಗ ಮಾತ್ರ ಎತ್ತಿನಗಾಡಿ. ಬೇಗ ಹೋಗಬೇಕಾದವರು ಹಳೇ ಸ್ಟೀಮರ್‌ಗೇ ಹತ್ತಿದ್ರು. ಕೊನೆಗೆ 1883ರಲ್ಲಿ ಅದನ್ನ ಮಾರಿ, ಥೇಮ್ಸ್ ನದಿಯಲ್ಲಿ ಸಿಡುಬು ರೋಗಿಗಳ ತೇಲುವ ಆಸ್ಪತ್ರೆ ಮಾಡಿದ್ರು. ಅದರ ತಂಗಿಯಂಥ ‘ಕ್ಯಾಲೇ-ಡೂವ್ರ್’ ವೇಗವಾಗಿತ್ತು, ಜನಕ್ಕೂ ಇಷ್ಟವಾಗಿತ್ತು. ಆದ್ರೆ ಕಲ್ಲಿದ್ದಲು ತಿನ್ನೋ ರಾಕ್ಷಸ. 1887ರಲ್ಲಿ ಅದನ್ನೂ ನಿಲ್ಲಿಸಿದ್ರು.

ಗಮನಿಸಿ, ಎರಡನ್ನೂ ಸಮುದ್ರ ಮುಳುಗಿಸಲಿಲ್ಲ. ಲೆಕ್ಕದ ಪುಸ್ತಕ ಮುಳುಗಿಸ್ತು.

3/5
ಈಗ ಸ್ವಲ್ಪ ವಿಜ್ಞಾನ, ಬೋರ್ ಆಗಲ್ಲ.

ಕಾಲು ಅಗಲಿಸಿ ಬಸ್ಸಲ್ಲಿ ನಿಂತ್ರೆ ಬೀಳಲ್ಲ ಅಲ್ವಾ? ಕಟಮರಾನ್ ನಿಲ್ಲೋದು ಹಾಗೆ. ಎರಡು ಒಡಲು ದೂರ ಇರೋದ್ರಿಂದ ಪಕ್ಕಕ್ಕೆ ವಾಲೋದು ತುಂಬಾ ಕಷ್ಟ. ಆದ್ರೆ ವಾಲದ ಹಡಗು ಅಲೆಯ ಇಳಿಜಾರಿಗೆ ಅಂಟಿಕೊಂಡೇ ಏರಿಳಿಯುತ್ತೆ. ಒಂದೇ ಒಡಲಿನ ಹಡಗು ತೊಟ್ಟಿಲ ಹಾಗೆ ನಿಧಾನವಾಗಿ ತೂಗಿದ್ರೆ, ಇದು ಪಟ್ ಪಟ್ ಅಂತ ಕುಲುಕುತ್ತೆ. ಅಲೆ ಓರೆಯಾಗಿ ಹಿಂದಿನಿಂದ ಬಂದ್ರೆ ಏರೋದು, ವಾಲೋದು, ತಿರುಗೋದು ಮೂರೂ ಸೇರಿ ತಿರುಪು ತಿರುಗಿಸಿದ ಹಾಗೆ. ಮನುಷ್ಯನ ಹೊಟ್ಟೆಗೆ ಎಲ್ಲಕ್ಕಿಂತ ಕೆಟ್ಟದ್ದು ಸುಮಾರು 5 ಸೆಕೆಂಡಿಗೊಮ್ಮೆ ಮೇಲೆ ಕೆಳಗೆ ಆಗೋ ಚಲನೆ. ಪಕ್ಕಕ್ಕೆ ವಾಲೋದು ತಪ್ಪಿಸಿದ್ರೂ ಇದು ತಪ್ಪಲ್ಲ.

ಮಗುಚೋ ವಿಷಯ? ಸಣ್ಣ ಕಟಮರಾನ್‌ನ ಒಂದು ಒಡಲು ನೀರು ಬಿಟ್ಟು ಮೇಲೆದ್ದ ಮೇಲೆ, ಅದನ್ನ ವಾಪಸ್ ಎಳೆಯೋ ಶಕ್ತಿ ಇಳೀತಾ ಹೋಗುತ್ತೆ. ಪೂರ್ತಿ ಬೋರಲಾದ್ರೆ ಬೋರಲಾಗೇ ಉಳಿಯುತ್ತೆ. ತಳದಲ್ಲಿ ಭಾರ ಇರೋ ಒಂಟಿ ಒಡಲಿನ ಹಾಯಿದೋಣಿಯಾದ್ರೆ ಎದ್ದು ನಿಲ್ಲೋ ಸಾಧ್ಯತೆ ಇದೆ. ದೊಡ್ಡ ಫೆರ್ರಿಗಳಿಗೆ ಈ ಭಯ ಕಮ್ಮಿ. ಅವುಗಳ ನಿಜವಾದ ಶತ್ರು ನಡುವಿನ ಸುರಂಗದಲ್ಲಿದೆ.

ಎದುರು ಅಲೆ ಆ ಸುರಂಗಕ್ಕೆ ನುಗ್ಗಿ ಡೆಕ್ಕಿನ ತಳಕ್ಕೆ ಧಡ್ ಅಂತ ಬಡಿಯುತ್ತೆ. ಇಡೀ ಹಡಗು ನಡುಗುತ್ತೆ, ಅಲ್ಯುಮಿನಿಯಂ ಬಿರುಕು ಬಿಡಬಹುದು. ಡೆಕ್ ಎತ್ತರ ಮಾಡಿ ಅಂತೀರಾ? ಮಾಡಬಹುದು. ಆಗ ತೂಕ ಜಾಸ್ತಿ, ಗಾಳಿ ತಳ್ಳೋದು ಜಾಸ್ತಿ, ಭಾರವೆಲ್ಲ ಮೇಲೆ. ಒಡಲು ತೆಳ್ಳಗಿದ್ರೆ ನೀರು ಸೀಳೋಕೆ ಸುಲಭ, ವೇಗ ಬರುತ್ತೆ. ಆದ್ರೆ ತೆಳ್ಳಗಿನ ಒಡಲಿಗೆ ಸ್ವಲ್ಪ ಲೋಡ್ ಹೆಚ್ಚಾದ್ರೂ ಆಳಕ್ಕೆ ಇಳಿಯುತ್ತೆ. ಆಳಕ್ಕಿಳಿದ್ರೆ ಸುರಂಗದ ಎತ್ತರ ಕಮ್ಮಿ. ಮತ್ತೆ ಧಡ್! ಇನ್ನೂ ನಾಲ್ಕು ಕಾರು ಹತ್ತಿಸೋಣ ಅಂತ ಮ್ಯಾನೇಜರ್ ಹೇಳಿದ್ರೆ, ಆ ನಾಲ್ಕು ಕಾರಿನ ಖರ್ಚು ಪೆಟ್ರೋಲ್ ಬಿಲ್ಲಲ್ಲಿ ಮಾತ್ರ ಬರಲ್ಲ.

4/5
1975ರ ಜನವರಿ 5. ಆಸ್ಟ್ರೇಲಿಯಾದ ಟಾಸ್ಮೇನಿಯಾ ದ್ವೀಪದ ಹೋಬಾರ್ಟ್ ಊರು. ‘ಲೇಕ್ ಇಲ್ಲವಾರ’ ಅನ್ನೋ ಅದಿರು ಹಡಗು ಟಾಸ್ಮನ್ ಸೇತುವೆಯ ಕಂಬಕ್ಕೆ ಗುದ್ದಿತು. ಸೇತುವೆಯ ಒಂದು ತುಂಡು ಕುಸಿದು 12 ಜನ ಸತ್ತರು. ಊರು ಎರಡು ಹೋಳಾಯ್ತು. ಆಗ ಬಾಬ್ ಕ್ಲಿಫರ್ಡ್ ಅನ್ನೋರ ಸಣ್ಣ ಫೆರ್ರಿಗಳೇ ಜನರನ್ನ ದಡ ಮುಟ್ಟಿಸಿದ್ದು. ಆಮೇಲೆ ವಿನ್ಯಾಸಕಾರ ಫಿಲಿಪ್ ಹರ್ಕಸ್ ಜೊತೆ ಸೇರಿ ಅವರು ಎಂಜಿನ್ ಕಟಮರಾನ್‌ಗಳಿಗೆ ಕೈ ಹಾಕಿದ್ರು. ಇಂದಿನ ಇನ್‌ಕ್ಯಾಟ್ ಕಂಪನಿಯ ಬೇರು ಅಲ್ಲಿದೆ.

ಅವರ ಉಪಾಯ: ಅಲೆಯ ಮೇಲೆ ಹತ್ತಬೇಡ, ಅಲೆಯನ್ನ ತೂರಿಕೊಂಡು ಹೋಗು. ಮೂತಿಯನ್ನ ಚಾಕುವಿನ ಹಾಗೆ ಉದ್ದ, ಸಪೂರ ಮಾಡಿದ್ರು. ಮೂತಿಗೆ ತೇಲುವ ಶಕ್ತಿ ಕಮ್ಮಿ ಇದ್ದಷ್ಟೂ ಅಲೆ ಅದನ್ನ ಎತ್ತಿ ಕುಕ್ಕೋದು ಕಮ್ಮಿ. ಅಪಾಯವೂ ಅಲ್ಲೇ ಇದೆ. ಹಿಂದಿನಿಂದ ದೊಡ್ಡ ಅಲೆ ತಳ್ಳಿದ್ರೆ ಚಾಕು ನೀರೊಳಗೆ ಹೋಗ್ತಾನೇ ಇರುತ್ತೆ, ಮೇಲೇಳೋಕೆ ಆಧಾರ ಇಲ್ಲ. ಅದಕ್ಕೇ ಎರಡರ ನಡುವೆ, ನೀರಿಂದ ಮೇಲೆ, ಮೂರನೇ ಮೂತಿ ಇಟ್ಟರು. ಸಾಧಾರಣ ದಿನ ಅದು ನೀರನ್ನ ಮುಟ್ಟಲ್ಲ. ಹಡಗು ಮುಗ್ಗರಿಸಿದಾಗ ಮಾತ್ರ ತಡೆದು ಎತ್ತುತ್ತೆ. ಆ ಹೊತ್ತಲ್ಲಿ ಅಲೆಯ ಹೊಡೆತ ತಿನ್ನೋದೂ ಅದೇ.

1990ರ ಜೂನ್‌ನಲ್ಲಿ 74 ಮೀಟರ್ ಉದ್ದದ ‘ಹೋವರ್‌ಸ್ಪೀಡ್ ಗ್ರೇಟ್ ಬ್ರಿಟನ್’ ಅಟ್ಲಾಂಟಿಕ್ ಸಾಗರವನ್ನ 3 ದಿನ 7 ಗಂಟೆ 54 ನಿಮಿಷದಲ್ಲಿ ದಾಟಿ ಹೇಲ್ಸ್ ಟ್ರೋಫಿ ಗೆದ್ದಿತು. 1952ರಿಂದ ಆ ದಾಖಲೆ ಇದ್ದದ್ದು ಸುಮಾರು 300 ಮೀಟರ್ ಉದ್ದದ ‘ಯುನೈಟೆಡ್ ಸ್ಟೇಟ್ಸ್’ ಹಡಗಿನ ಹೆಸರಲ್ಲಿ. ಆನೆಯನ್ನ ಆಡು ಸೋಲಿಸಿದ ಹಾಗೆ. ಆದ್ರೆ ಆ ಆಡು ಹುಟ್ಟಿದ್ದು ಇಂಗ್ಲಿಷ್ ಕಾಲುವೆ ದಾಟೋಕೆ, ಕ್ಯಾಸ್ಟೇಲಿಯ ಸೋತ ಅದೇ ಕಾಲುವೆ. ವೇಗದ ಲೆಕ್ಕ ಗೆದ್ದಿತ್ತು. ಹೊಟ್ಟೆಯ ಲೆಕ್ಕ? ಇಂಥ ಫೆರ್ರಿಗಳಿಗೆ ಜನ ಇಟ್ಟ ಅಡ್ಡಹೆಸರು ‘ವಾಮಿಟ್ ಕಾಮೆಟ್’. ವಾಂತಿಯ ಧೂಮಕೇತು! ನೀರಡಿಯಲ್ಲಿ ರೆಕ್ಕೆ, ಹಿಂದೆ ಕಂಪ್ಯೂಟರ್ ಅಲ್ಲಾಡಿಸೋ ಫಲಕ ಎಲ್ಲ ಹಾಕಿ ಕುಲುಕಾಟ ತಗ್ಗಿಸ್ತಾರೆ. ತಗ್ಗುತ್ತೆ, ಹೋಗಲ್ಲ.

5/5
ಹಾಗಾದ್ರೆ ಎಷ್ಟು ದೊಡ್ಡ ಅಲೆವರೆಗೆ ಓಡಿಸಬಹುದು? ಇದನ್ನ ಕ್ಯಾಪ್ಟನ್ನನ ಧೈರ್ಯಕ್ಕೆ ಬಿಟ್ಟಿಲ್ಲ. 1996ರಿಂದ ಜಾರಿಯಲ್ಲಿರೋ ಅಂತರರಾಷ್ಟ್ರೀಯ ನಿಯಮದ ಪ್ರಕಾರ ವೇಗದ ಪ್ರಯಾಣಿಕ ಹಡಗು ಆಶ್ರಯ ಸಿಗೋ ಜಾಗದಿಂದ 4 ಗಂಟೆಗಿಂತ ದೂರ ಹೋಗೋ ಹಾಗಿಲ್ಲ. ಯಾವ ಹವಾಮಾನದವರೆಗೆ ಓಡಿಸಬಹುದು ಅನ್ನೋದು ಆಯಾ ಹಡಗಿನ ಪರವಾನಗಿಯಲ್ಲೇ ಬರೆದಿರುತ್ತೆ. ಸಾಗರದ ಮಧ್ಯೆ ಬಿರುಗಾಳಿ ಎದುರಿಸಲಿ ಅಂತ ಕಟ್ಟಿದ ಹಡಗಲ್ಲ ಇದು. ಬಿರುಗಾಳಿ ಬರೋ ಮುಂಚೆ ದಡ ಸೇರಲಿ ಅಂತ ಕಟ್ಟಿದ್ದು.

1999ರ ನವೆಂಬರ್ 26ರ ಸಂಜೆ. ನಾರ್ವೆಯ ಹೊಚ್ಚ ಹೊಸ ಕಟಮರಾನ್ ‘ಸ್ಲೈಪ್ನರ್’ 85 ಜನರನ್ನ ಹೊತ್ತು ಹೌಗೆಸುಂಡ್‌ನಿಂದ ಬರ್ಗೆನ್ ಕಡೆ ಹೊರಟಿತ್ತು. ಅದಕ್ಕೆ ಕೊಟ್ಟಿದ್ದ ಅಲೆಯ ಮಿತಿ 1 ಮೀಟರ್. ಆ ಸಂಜೆ ಅಲೆ ಅದಕ್ಕಿಂತ ಹೆಚ್ಚಿತ್ತು. ಕತ್ತಲಲ್ಲಿ ದಾರಿ ತಪ್ಪಿ ‘ಸ್ಟೋರೆ ಬ್ಲೋಕ್ಸೆನ್’ ಬಂಡೆಗೆ ಬಡಿಯಿತು. ಬಡಿಯೋಕೆ ಕಾರಣ ಅಲೆ ಅಲ್ಲ, ಸೇತುವೆಯಲ್ಲಿದ್ದವರ ಗಮನ ತಪ್ಪಿದ್ದು. ಆದ್ರೆ ಬಡಿದ ಮೇಲೆ ಜನ ಇಳಿಯಬೇಕಾದದ್ದು ಅದೇ ಸಮುದ್ರಕ್ಕೆ, ನವೆಂಬರ್‌ನ ಕೊರೆಯೋ ನೀರಿಗೆ. ಜೀವರಕ್ಷಕ ತೆಪ್ಪಗಳೂ ಸರಿಯಾಗಿ ಕೆಲಸಕ್ಕೆ ಬರಲಿಲ್ಲ. 16 ಜನ ಬದುಕಲಿಲ್ಲ. 1 ಮೀಟರ್ ಅನ್ನೋ ಮಿತಿ ಕಾಗದದ ಮೇಲೆ ಇದ್ದದ್ದು ಇಂಥ ಸಂಜೆಗಾಗಿಯೇ ಅಂತ ನನಗನ್ನಿಸುತ್ತೆ. ಅಷ್ಟು ಅಲೆ ಇದ್ದ ದಿನ ಟ್ರಿಪ್ ಕ್ಯಾನ್ಸಲ್ ಮಾಡಿದ್ರೆ ಒಂದು ದಿನದ ಟಿಕೆಟ್ ದುಡ್ಡು ಹೋಗ್ತಿತ್ತು.

ಅಂಡಮಾನ್‌ನಲ್ಲಿ ‘ಹವಾಮಾನ ಸರಿ ಇಲ್ಲ, ಫೆರ್ರಿ ರದ್ದು’ ಅಂದಾಗ ಕೌಂಟರ್ ಮುಂದೆ ಜಗಳಕ್ಕೆ ನಿಂತವರನ್ನ ಟ್ಯಾಗ್ ಮಾಡಿ.

ಮುಂದಿನ ವಾರ: ಉಕ್ಕಿನ ಬೆಸೆಮರ್ ಗೊತ್ತಲ್ಲ? ವಾಂತಿ ತಡೆಯೋಕೆ ಹಡಗಿನೊಳಗೆ ತೂಗಾಡುವ ಕೋಣೆ ಕಟ್ಟಿಸಿ, 1875ರಲ್ಲಿ ಕ್ಯಾಲೇ ಬಂದರಿಗೇ ಗುದ್ದಿಸಿಕೊಂಡ ಅವನ ಕಥೆ.